ಹಳದಿ ಕಂಬದ ತಾಳ್ಮೆ

ಸೋಮವಾರ ಬೆಳಿಗ್ಗೆ ಆರು ಗಂಟೆ ನಲವತ್ತೆರಡು ನಿಮಿಷಕ್ಕೆ ಸೆಕೆಂಡಕ್ಕ ಒಂದು ಪುಟ್ಟ ರೈಲು ನಿಲ್ದಾಣದ ಮೆಟ್ಟಿಲ ಬುಡದಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಎಡಗೈಯಲ್ಲಿ ಚೀಟಿಪುಸ್ತಕ, ಬಲಗೈಯಲ್ಲಿ ಸ್ಟಾಪ್‌ವಾಚು. ಎದುರಿಗೆ ನಾಲ್ಕು ಹೆಜ್ಜೆ ದೂರದಲ್ಲಿ ಸೊಂಟದೆತ್ತರದ ಒಂದು ಹಳದಿ ಕಂಬ. ಕಂಬದಾಚೆ ನೆಲದ ಮೇಲೆ ಒಂದು ಹಳದಿ ಗೆರೆ. ಗೆರೆಯಾಚೆ ರಸ್ತೆ. ಆರೂ ನಲವತ್ತನಾಲ್ಕರ ರೈಲಿಗೆ ಅವಳು ಕಾಯುತ್ತಿದ್ದಳು. ಆದರೆ ಅದನ್ನು ಹತ್ತುವುದಕ್ಕಲ್ಲ, ಅದರಿಂದ ಇಳಿಯುವ ಒಬ್ಬಳನ್ನು ನೋಡುವುದಕ್ಕೆ.

ಅವಳ ಕೆಲಸದ ಜಾಗ ಸಾರಿಗೆ ಕಚೇರಿಯ ನೆಲಮಾಳಿಗೆ. ಬಾಗಿಲ ಮೇಲೆ ‘ಅಪೂರ್ಣ ಪ್ರಯಾಣಗಳು’ ಎಂದು ಬರೆದಿದೆ. ಹೊಸದಾಗಿ ಓದಿದವರು ಯಾವುದೋ ಶವಾಗಾರವೆಂದುಕೊಂಡು ಒಂದು ಹೆಜ್ಜೆ ಹಿಂದೆ ಸರಿಯುವುದುಂಟು. ಒಳಗಿರುವುದು ಮೂರು ಮೇಜು, ಒಂದು ಕಿಟಕಿ. ಕಿಟಕಿಯಲ್ಲಿ ಕಾಣುವುದು ರಸ್ತೆಯಲ್ಲಿ ಓಡಾಡುವವರ ಪಾದಗಳು ಮಾತ್ರ. ಇಲ್ಲಿಗೆ ಬರುವ ಮೊದಲು ಅವಳು ಹದಿನಾಲ್ಕು ವರ್ಷ ಒಂದು ಶಾಲೆಯ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದಳು. ಲೋಲಕದ ದಾರ ಕಟ್ಟುವುದು, ಬೀಕರು ತೊಳೆಯುವುದು, ಸ್ಟಾಪ್‌ವಾಚುಗಳಿಗೆ ಕೀಲಿ ಕೊಡುವುದು. ಆ ಪ್ರಯೋಗಾಲಯ ಮುಚ್ಚಿದ ದಿನ ಮಾಸ್ತರರು ಒಂದು ವಾಚನ್ನು ಅವಳ ಕೈಗಿಟ್ಟು, “ಇಟ್ಕೊಳ್ಳಮ್ಮಾ, ನಿನ್ನಷ್ಟು ಇದನ್ನ ಯಾರೂ ಬಳಸಿಲ್ಲ” ಅಂದಿದ್ದರು. ಅವಳ ಹೆಸರು ಕಚೇರಿಯ ಸಂಬಳದ ಪಟ್ಟಿಯಲ್ಲಿದೆಯೇ ಹೊರತು ಯಾರ ಬಾಯಲ್ಲೂ ಇಲ್ಲ. ಲಿಫ್ಟು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದವರಿಗೆ “ಈಗ ಬರತ್ತೆ” ಎನ್ನದೆ “ಮೂವತ್ತೆಂಟು ಸೆಕೆಂಡು” ಎಂದ ಮೊದಲ ವಾರದಲ್ಲೇ ಅವಳು ಸೆಕೆಂಡಕ್ಕ ಆಗಿಹೋದಳು.

ಕಂಬಕ್ಕೆ ಕಾರ್ಡು ಮುಟ್ಟಿಸಿ ಒಳಗೆ ಹೋಗುವುದು, ಮುಟ್ಟಿಸಿ ಹೊರಗೆ ಬರುವುದು: ಈ ಏರ್ಪಾಡು ಮೊದಲು ಬಂದಾಗ ಅವಳ ಗಂಡನಿಗೇ ಅರ್ಥವಾಗಿರಲಿಲ್ಲ. ಅವನು ಕ್ಷೌರಿಕ, ಮನೆಯ ಮುಂದಿನ ಕೋಣೆಯೇ ಅಂಗಡಿ.

“ನಾನೆಲ್ಲಿ ಇಳೀತೀನಿ ಅಂತ ಆ ಕಂಬಕ್ಕೆ ಹೇಗೆ ಗೊತ್ತಾಗತ್ತೆ?” ಎಂದು ಕೇಳಿದ್ದ.

“ಗೊತ್ತಾಗಲ್ಲ. ಅದಕ್ಕೇ ಹತ್ತಿದಾಗ, ಇವರು ಕೊನೇ ನಿಲ್ದಾಣಕ್ಕೇ ಹೋಗ್ತಾರೆ ಅಂತ ಅಂದ್ಕೊಳ್ಳತ್ತೆ. ಇಳಿದ ಕಡೆ ಮುಟ್ಟಿದ್ರೆ, ಓಹೋ ಇಲ್ಲೇ ಇಳಿದ್ರಾ ಅಂತ ಅಷ್ಟಕ್ಕೆ ಮಾತ್ರ ದುಡ್ಡು ಹಿಡ್ಕೊಳ್ಳತ್ತೆ. ಮುಟ್ಟದೇ ಹೋದ್ರೆ ಅದರ ಪಾಲಿಗೆ ನೀವು ಇನ್ನೂ ರೈಲಲ್ಲೇ ಕೂತಿದ್ದೀರಿ. ಕೊನೇ ನಿಲ್ದಾಣದ ದುಡ್ಡು ಹೋಯ್ತು. ಖಾಲಿ ಬೀಕರು ತೂಗಿ, ಆಮೇಲೆ ತುಂಬಿದ ಬೀಕರು ತೂಗಿದ ಹಾಗೆ. ಎರಡು ಅಳತೆ ಇಲ್ದೆ ಉತ್ತರ ಬರಲ್ಲ.”

“ನನ್ನ ಅಂಗಡೀಲಿ ಆ ತಾಪತ್ರಯ ಇಲ್ಲಪ್ಪ,” ಎಂದಿದ್ದ ಅವನು. “ಒಳಗೆ ಬಂದೋನು ಹೊರಗೆ ಹೋದ್ನೋ ಇಲ್ವೋ ಅಂತ ಕನ್ನಡೀಲೇ ಕಾಣತ್ತೆ. ಕೂದಲು ಮಾತ್ರ ಇಲ್ಲೇ ಅಪೂರ್ಣ.”

ದೊಡ್ಡ ನಿಲ್ದಾಣಗಳಲ್ಲಿ ಗೇಟುಗಳಿವೆ. ಮುಟ್ಟದೆ ಒಳಗೂ ಹೋಗಲಾಗದು, ಹೊರಗೂ ಬರಲಾಗದು. ಚಿಕ್ಕ ನಿಲ್ದಾಣಗಳಲ್ಲಿ ಗೇಟಿಲ್ಲ, ಹೀಗೊಂದು ಕಂಬ ಮಾತ್ರ. ಹೋಗುವವರಿಗೂ ಬರುವವರಿಗೂ ಅದೇ ಕಂಬ. ಕಾರ್ಡು ಮುಟ್ಟಿದಾಗ ಅದು ನೋಡುವುದು ಇಷ್ಟೇ: ಈ ಕಾರ್ಡಿನಲ್ಲಿ ಪ್ರಯಾಣ ನಡೆಯುತ್ತಿದೆಯೇ? ಹೌದಾದರೆ ಮುಗಿಸು. ಇಲ್ಲವಾದರೆ ಹೊಸದನ್ನು ಶುರುಮಾಡು. ಕೆಲವು ಗಂಟೆಗಳಲ್ಲಿ ಮುಗಿಯದ ಪ್ರಯಾಣ ‘ಅಪೂರ್ಣ’ವೆಂದು ತಾನೇ ಮುಚ್ಚಿಹೋಗುತ್ತದೆ. ಗಾಬರಿಯಲ್ಲಿ ಎರಡೆರಡು ಸಲ ಮುಟ್ಟುವವರೂ ಇರುತ್ತಾರಲ್ಲ, ಅವರಿಗಾಗಿ ಎರಡು ನಿಮಿಷದ ತಾಳ್ಮೆಯನ್ನೂ ಅದಕ್ಕೆ ಕಲಿಸಿದ್ದಾರೆ. ಆ ಎರಡು ನಿಮಿಷದೊಳಗೆ ಅದೇ ಕಾರ್ಡು ಮತ್ತೆ ಮುಟ್ಟಿದರೆ ‘ಟಿಣ್’ ಎನ್ನುತ್ತದೆ, ಆದರೆ ಏನನ್ನೂ ಬರೆದುಕೊಳ್ಳುವುದಿಲ್ಲ. ಎರಡು ನಿಮಿಷ ದಾಟಿತೋ, ಹೊಸ ಪ್ರಯಾಣ ಶುರು.

ಸೆಕೆಂಡಕ್ಕನನ್ನು ಅಂದು ಬೆಳಿಗ್ಗೆ ಅಲ್ಲಿ ನಿಲ್ಲಿಸಿದ್ದು ಒಂದೇ ಒಂದು ಕಾರ್ಡು. ಅದು ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯ ಗುತ್ತಿಗೆದಾರ ತನ್ನ ಕೆಲಸಗಾರಳಿಗೆ ಕೊಟ್ಟ ಕಾರ್ಡು, ದುಡ್ಡು ಅವನದ್ದು. ಮೂರು ತಿಂಗಳಲ್ಲಿ ಐವತ್ತಮೂರು ಅಪೂರ್ಣ ಪ್ರಯಾಣ. ದಿನವೂ ಒಂದೇ ಕಥೆ. ಬೆಳಿಗ್ಗೆ ಆರೂ ನಲವತ್ತನಾಲ್ಕರ ರೈಲಿಗೆ ಇಳಿದು ಮುಟ್ಟಿ ಹೊರಗೆ. ಮೂರು ಮೂರೂವರೆ ನಿಮಿಷ ಕಳೆದು ಅದೇ ಕಂಬದಲ್ಲಿ ಮತ್ತೆ ಮುಟ್ಟಿ ಒಳಗೆ. ಆಮೇಲೆ ಹೊರಬಂದದ್ದೇ ಇಲ್ಲ. ಸಂಜೆ ನಾಲ್ಕೂವರೆಗೆ ಏನೂ ಆಗಿಲ್ಲವೆಂಬಂತೆ ಮತ್ತೆ ಒಳಗೆ.

ವಿಭಾಗದ ಸಾಹೇಬರಿಗೆ ಇದು ನೀರು ಕುಡಿದಷ್ಟು ಸುಲಭವಾಗಿ ಅರ್ಥವಾಗಿತ್ತು. “ತಾನು ಇಳಿದು ಕಾರ್ಡನ್ನ ಇನ್ನೊಬ್ಬರ ಕೈಗೆ ದಾಟಿಸ್ತಾಳೆ. ಅವರು ಇನ್ನೊಂದು ಗೇಟಿಲ್ಲದ ನಿಲ್ದಾಣದಲ್ಲಿ ಇಳಿದು ಸದ್ದಿಲ್ಲದೆ ಹೋಗ್ತಾರೆ. ದುಡ್ಡು ಗುತ್ತಿಗೆದಾರಂದು, ಇವಳಿಗೇನು?” ಐವತ್ತು ದಾಟಿದ ಕಾರ್ಡುಗಳನ್ನು ನಿಲ್ಲಿಸಿ ಕೊಟ್ಟವರಿಗೆ ಪತ್ರ ಬರೆಯಬೇಕೆಂಬುದು ನಿಯಮ. ಪತ್ರ ಶುಕ್ರವಾರ ಹೊರಡಬೇಕಿತ್ತು. ಅದು ತಲುಪಿದ ಮೇಲೆ ಅವಳ ಕೆಲಸ ಉಳಿಯುವುದಿಲ್ಲ ಎನ್ನುವುದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ಪಟ್ಟಿಗೆ ಗುರುತು ಹಾಕಿದ್ದು ಸೆಕೆಂಡಕ್ಕನೇ. ಹಾಕಿದ ಮೇಲೆ ಪೆನ್ನು ಕೆಳಗಿಟ್ಟು, ಆ ಹೊತ್ತುಗಳನ್ನು ಇನ್ನೊಮ್ಮೆ ಓದಿದ್ದಳು. ಕದಿಯುವವರು ದಿನವೂ ಅದೇ ನಿಮಿಷಕ್ಕೆ ಕದಿಯುತ್ತಾರೆಯೇ? ಯಂತ್ರ ಹೇಳಿದ್ದನ್ನು ಒಮ್ಮೆ ಕೈಯಾರೆ ಅಳೆದು ನೋಡದೆ ನಂಬಬಾರದು ಎಂಬುದು ಪ್ರಯೋಗಾಲಯದ ಅಭ್ಯಾಸ. ಏಳು ವರ್ಷದಿಂದ ನೆಲಮಾಳಿಗೆಯಲ್ಲಿ ಕುಳಿತು ಅದನ್ನು ಮರೆತಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂದಿತ್ತು.

ರೈಲು ಬಂತು. ಮೊದಲು ಮೆಟ್ಟಿಲಿಳಿದು ಬಂದವರಲ್ಲಿ ನಲವತ್ತೈದರ ಆಸುಪಾಸಿನ ಹೆಂಗಸೊಬ್ಬಳು, ಮೊಣಕೈವರೆಗೆ ತೋಳು ಮಡಚಿದ ನೀಲಿ ಅಂಗಿಯವಳು, ಓಡಿ ಬಂದು ಕಂಬ ಮುಟ್ಟಿದಳು. ಟಿಣ್. ಸೆಕೆಂಡಕ್ಕ ವಾಚು ಒತ್ತಿದಳು. ಆ ಹೆಂಗಸು ಗೆರೆ ದಾಟಿ, ರಸ್ತೆಯಲ್ಲಿ ಗುರುಗುಡುತ್ತ ನಿಂತಿದ್ದ ಕಾರ್ಖಾನೆಯ ವ್ಯಾನಿನ ಕಿಟಕಿ ಬಡಿದಳು.

“ಅಣ್ಣಾ, ಇನ್ನೂ ಇಬ್ರು ಇದೀವಿ. ಹೊರಟುಬಿಡ್ಬೇಡ.”

“ಇಬ್ರಲ್ಲಿ ಒಬ್ಳು ನೀನೇ ಅಲ್ವೇನಮ್ಮ? ಹತ್ಕೋ.”

“ಹತ್ಕೊಂಡ್ರೆ ನೀನು ಹೊರಟ್ಬಿಡ್ತೀಯ. ಗೊತ್ತು ನಂಗೆ.”

ಮತ್ತೆ ಕಂಬದ ಹತ್ತಿರ ಓಡಿ ಬಂದಳು. ಉಸಿರನ್ನು ಹತೋಟಿಗೆ ತಂದುಕೊಂಡು, ಬ್ಯಾಗಿನ ಬಾಯಿ ತೆರೆದು ಏನನ್ನೋ ಹುಡುಕುವವಳಂತೆ ನಿಂತಳು. ಕಾರ್ಡು ಅವಳ ಅಂಗೈಯಲ್ಲೇ ಇತ್ತು. ಸೆಕೆಂಡಕ್ಕನಿಗೆ ಅದು ಸ್ಪಷ್ಟವಾಗಿ ಕಾಣುತ್ತಿತ್ತು. ಮೆಟ್ಟಿಲ ಮೇಲೆ ಜನವೆಲ್ಲ ಕರಗಿದ ಮೇಲೆ ಅರವತ್ತು ಸಮೀಪಿಸಿದ ಇನ್ನೊಬ್ಬಾಕೆ ಕಂಬಿ ಹಿಡಿದು, ತುಟಿಯಲ್ಲೇ ಎಣಿಸುತ್ತ, ಒಂದೊಂದೇ ಮೆಟ್ಟಿಲು ಇಳಿದು ಬಂದರು. ಕೊನೆಯ ಮೆಟ್ಟಿಲು ಮುಟ್ಟಿದ್ದೇ ತಡ, ಕೆಳಗಿದ್ದವಳು ಬಾಯಿ ಬಿಟ್ಟಳು.

“ಅತ್ತಿಗೆ, ಬಂದ್ರಾ? ಈ ಹಾಳು ಕಾರ್ಡು ಬ್ಯಾಗಲ್ಲಿ ಎಲ್ಲಿ ಸೇರ್ಕೊಂಡಿತ್ತು ಅಂತೀನಿ. ಈಗ ಸಿಕ್ತು ನೋಡಿ.”

ಟಿಣ್.

ಆ ಸದ್ದಿನ ಕಡೆಗೆ ಅತ್ತಿಗೆ ತಿರುಗಿದರು, ಎರಡು ಹೆಜ್ಜೆ ಇಟ್ಟರು, ಕೈ ಚಾಚಿದರು. ಅವರ ಕಾರ್ಡು ಸರಿಯಾಗಿ ಕಂಬದ ನೆತ್ತಿಯ ಮೇಲೆ ಕುಳಿತಿತು. ಟಿಣ್. “ದಿನಾ ನಿಂದು ಇದೇ ಗೋಳು,” ಎಂದರು ಅವರು. “ಒಂದು ಕಾರ್ಡನ್ನ ನೆಟ್ಟಗೆ ಇಟ್ಕೊಳ್ಳೋಕೆ ಬರಲ್ಲ. ನಾನಿಲ್ದಿದ್ರೆ ನಿನ್ನ ಗತಿ ಏನೇ?”

ಸೆಕೆಂಡಕ್ಕ ವಾಚು ನೋಡಿದಳು: ಮೊದಲ ಸಲಕ್ಕೂ ಎರಡನೆಯ ಸಲಕ್ಕೂ ನಡುವೆ ಇನ್ನೂರ ಎರಡು ಸೆಕೆಂಡು.

ಕಚೇರಿಗೆ ಬಂದವಳು ದಾಖಲೆಯಲ್ಲಿ ಅಂದಿನ ಹೊತ್ತು ತೆಗೆದು ನೋಡಿದಳು. ಯಂತ್ರವೂ ಇನ್ನೂರ ಎರಡೇ ಅಂದಿತು. ಆಮೇಲೆ ಯಾರೂ ಮಾಡದಿದ್ದ ಒಂದು ಕೆಲಸ ಮಾಡಿದಳು. ಆ ಒಂದು ಕಾರ್ಡನ್ನೇ ನೋಡುವ ಬದಲು, ಅದರ ಬೆನ್ನಿಗೇ ಕಂಬ ಮುಟ್ಟಿದ ಕಾರ್ಡು ಯಾವುದು ಎಂದು ಹುಡುಕಿದಳು. ಐವತ್ತಮೂರು ದಿನವೂ ಅದೇ ಇನ್ನೊಂದು ಕಾರ್ಡು, ನಾಲ್ಕೈದು ಸೆಕೆಂಡಿನ ಅಂತರದಲ್ಲಿ. ಆ ಇನ್ನೊಂದು ಕಾರ್ಡು ರಜೆ ಹಾಕಿದ ದಿನಗಳಲ್ಲಿ ಮೊದಲ ಕಾರ್ಡು ಒಂದೇ ಸಲ ಮುಟ್ಟಿತ್ತು. ಕಳ್ಳತನ ಅಲ್ಲ ಎನ್ನುವುದು ಅಲ್ಲಿಗೆ ಇತ್ಯರ್ಥವಾಯಿತು. ಯಾಕೆ ಎನ್ನುವುದು ಉಳಿದಿತ್ತು. ಅದು ದಾಖಲೆಯಲ್ಲಿ ಸಿಗುವಂಥದ್ದಲ್ಲ.

ಮಂಗಳವಾರ ಸಂಜೆ ನಾಲ್ಕಕ್ಕೆ ಕಾರ್ಖಾನೆಯ ಹಿಂಬಾಗಿಲಿಗೆ ಹೋದಳು. ಹಬೆಯ ವಾಸನೆ, ಸೋಪಿನ ವಾಸನೆ, ಗೋಡೆಗೆ ಒರಗಿಸಿದ ಚಕ್ರದ ಬುಟ್ಟಿಗಳು. ಒಳಗೆ ಅತ್ತಿಗೆ ಕೊನೆಯ ರಾಶಿಯ ಹಾಸಿಗೆಬಟ್ಟೆ ಮಡಿಸುತ್ತಿದ್ದರು. ನಾದಿನಿ ಹೊರಗೆ ಕಾಲು ಚಾಚಿ ಕುಳಿತಿದ್ದಳು. ಸೆಕೆಂಡಕ್ಕ ತಾನು ಯಾರೆಂದು ಹೇಳಿದೊಡನೆ ಕಾಲು ಮಡಚಿಕೊಂಡು ಎದ್ದು ನಿಂತಳು.

“ನಾನು ಕಳ್ಳಿ ಅಲ್ಲ ಮೇಡಂ.”

“ಅಲ್ಲ ಅಂತ ನಂಗೊತ್ತು. ನೋಡಿದ್ದೀನಿ. ಕೂತ್ಕೊಳ್ಳಿ. ಎರಡನೇ ಸಲ ಯಾಕೆ ಮುಟ್ತೀರಿ?”

ನಾದಿನಿ ಒಳಗೆ ಇಣುಕಿ ನೋಡಿ ದನಿ ತಗ್ಗಿಸಿದಳು. “ಅವರಿಗೆ ಕಣ್ಣು ಹೋಗ್ತಾ ಇದೆ. ಅಂಚಿಂದ ಕತ್ತಲೆ ಬರತ್ತಂತೆ. ಕೆಲಸಕ್ಕೇನೂ ತೊಂದರೆ ಇಲ್ಲ, ಬಟ್ಟೆ ಹರಿದಿರೋದನ್ನ ನಮಗಿಂತ ಮೊದಲು ಬೆರಳಲ್ಲೇ ಕಂಡುಹಿಡೀತಾರೆ. ಈ ಕಂಬ ಒಂದೇ ಕಷ್ಟ. ಗೇಟಿದ್ದ ಕಡೆ ಕೈಗೆ ಕಂಬಿ ಸಿಗತ್ತೆ. ಇಲ್ಲಿ ಬಯಲಲ್ಲಿ ನಿಂತಿರೋ ಕಂಬ. ಆ ಟಿಣ್ ಕೇಳಿದ್ರೆ ಸರಿಯಾಗಿ ಬಂದು ಮುಟ್ತಾರೆ.”

“ಕೈ ಹಿಡಿದು ಕರ್ಕೊಂಡು ಬರಬಹುದಲ್ಲ.”

“ಹಿಡಿದಿದ್ದೆ ಮೇಡಂ, ಒಂದೇ ಒಂದು ದಿನ. ಇಪ್ಪತ್ತಾರು ದಿನ ಮನೆ ಬಿಟ್ಟು ಹೊರಗೆ ಬರಲಿಲ್ಲ. ನಮ್ಮಮ್ಮ ಹೋದಾಗ ನಂಗೆ ಒಂಬತ್ತು ವರ್ಷ. ನನ್ನ ತಲೆ ಬಾಚಿ, ನನ್ನ ಕೈ ಹಿಡಿದು ಶಾಲೆಗೆ ಬಿಟ್ಟು ಬಂದೋರು ಅವರು. ಈಗ ನಾನು ಅವರ ಕೈ ಹಿಡಿದ್ರೆ ಅವರಿಗೆ ಹೇಗಾಗ್ಬೇಕು? ಅದಕ್ಕೇ ಮರೆಗುಳಿ ಹಾಗೆ ಆಡ್ತೀನಿ. ಬೈತಾರೆ. ಬೈದ್ರೆ ಅವರಿಗೆ ಆರಾಮ.”

“ಸರಿ. ಹಾಗಿದ್ರೆ ಮೊದಲನೇ ಸಲ ಮುಟ್ಟದೇ ಇರಿ. ಅವರು ಬಂದಾಗ ಮಾತ್ರ ಮುಟ್ಟಿ.”

“ಮುಟ್ಟದೆ ಗೆರೆ ದಾಟಿದ್ರೆ ನಿಮ್ಮ ಚೆಕಿಂಗಿನೋರು ಬಿಡ್ತಾರಾ? ದಾಟದಿದ್ರೆ ವ್ಯಾನು ಹೊರಟುಹೋಗತ್ತೆ. ಒಂದ್ಸಲ ಕಾರ್ಖಾನೆ ಗುರುತಿನ ಚೀಟಿ ಮುಟ್ಟಿಸಿ ನೋಡ್ದೆ. ಕಂಬ ಬೇರೆ ಥರ ಕಿರುಚ್ತು. ‘ನಿನ್ನ ಕಾರ್ಡಿಗೇನಾಯ್ತೇ, ಕತ್ತೆ ಥರ ಅರಚ್ತಾ ಇದೆ’ ಅಂದ್ಬಿಟ್ರು ಅತ್ತಿಗೆ.” ನಗುತ್ತಿದ್ದವಳ ಮುಖ ಒಮ್ಮೆಲೇ ಬಾಡಿತು. “ನನ್ನ ಕೆಲಸ ಹೋಗತ್ತಾ ಮೇಡಂ? ನಾನು ಹೋದ್ರೆ ಅವರೂ ನಿಲ್ಲಲ್ಲ.”

ಒಳಗಿನಿಂದ ಅತ್ತಿಗೆಯ ದನಿ ಕೇಳಿತು: “ಯಾರ ಜೊತೇಲೇ ಹರಟೆ?”

“ದಾರಿ ಕೇಳ್ತಾ ಇದಾರೆ ಅತ್ತಿಗೆ.”

“ನಿನ್ನ ಹತ್ರನಾ? ಪಾಪ.”

ಆ ರಾತ್ರಿ ಊಟದ ತಟ್ಟೆಯ ಮುಂದೆ ಸೆಕೆಂಡಕ್ಕ ಎಲ್ಲವನ್ನೂ ಗಂಡನಿಗೆ ಹೇಳಿದಳು. ಅವನು, “ಇದಕ್ಕೆ ಇಷ್ಟೊಂದು ತಲೆ ಕೆಡಿಸ್ಕೊಳ್ಳೋದೇನಿದೆ? ಕಂಬಕ್ಕೆ ಎರಡು ನಿಮಿಷದ ಬದಲು ಹತ್ತು ನಿಮಿಷ ತಾಳ್ಮೆ ಕಲಿಸಿ ಕೈ ತೊಳ್ಕೊಳ್ಳಿ,” ಅಂದ.

“ಹತ್ತು ನಿಮಿಷ ಆದ್ರೆ ನಿಜವಾಗ್ಲೂ ಹೊರಗೆ ಹೋಗಿ ಬೇಗ ವಾಪಸ್ ಬರೋರ ಗತಿ? ಅವರು ಹೊಸದಾಗಿ ರೈಲು ಹತ್ತೋಕೆ ಮುಟ್ತಾರೆ, ಕಂಬ ಟಿಣ್ ಅಂದು ಏನೂ ಬರ್ಕೊಳ್ಳಲ್ಲ. ಅವರು ಇಳಿಯೋ ಕಡೆ ಮುಟ್ಟಿದಾಗ ಅದು ಹೊಸ ಪ್ರಯಾಣ ಶುರುಮಾಡತ್ತೆ. ಆಮೇಲೆ ಅವರೇ ನನ್ನ ಪಟ್ಟೀಲಿ. ಇವರನ್ನ ತಪ್ಪಿಸೋಕೆ ಹೋಗಿ ಅವರನ್ನ ಸಿಕ್ಕಿಸಿದ ಹಾಗಾಯ್ತು.”

“ಅಂಥೋರು ಇದಾರಾ?”

“ಗೊತ್ತಿಲ್ಲ. ನೋಡ್ಬೇಕು.”

“ನೋಡು ಮತ್ತೆ. ನೀನು ನೋಡ್ದೆ ಬಿಡೋಳಾ? ಮದುವೆಗೆ ಮುಂಚೆ ನಾನು ಗಡ್ಡ ಹೆರೆಯೋಕೆ ಎಷ್ಟು ಹೊತ್ತು ತಗೋತೀನಿ ಅಂತ ನೋಡಿದೋಳು ನೀನು.”

“ಆರು ನಿಮಿಷ ಹತ್ತು ಸೆಕೆಂಡು,” ಎಂದಳು ಅವಳು, ತಟ್ಟೆ ಎತ್ತುತ್ತ. “ಈಗ ಎಂಟು ಆಗಿದೆ.”

ಬುಧವಾರ ಇಡೀ ದಿನ ಅವಳು ಮೂರು ತಿಂಗಳ ದಾಖಲೆ ಜಾಲಾಡಿದಳು. ಮೊದಲು ನಾದಿನಿಯ ಐವತ್ತಮೂರು ಅಂತರಗಳು: ಕಡಿಮೆಯದು ನೂರ ಎಪ್ಪತ್ತೊಂದು ಸೆಕೆಂಡು, ಹೆಚ್ಚಿನದು ಇನ್ನೂರ ನಲವತ್ತಾರು. ಸಂಜೆ ವ್ಯಾನಿನ ಹತ್ತಿರ ನಾದಿನಿಯನ್ನು ಮೆಲ್ಲಗೆ ಕೇಳಿದಾಗ ಆ ಇನ್ನೂರ ನಲವತ್ತಾರರ ದಿನ ಅವಳಿಗೆ ನೆನಪಿತ್ತು: ಆಗಷ್ಟೇ ಮೆಟ್ಟಿಲು ತೊಳೆದಿದ್ದರು, ಅತ್ತಿಗೆ ಪ್ರತಿ ಮೆಟ್ಟಿಲನ್ನೂ ಕಾಲಿನಿಂದ ತಡವಿ ಇಳಿದಿದ್ದರು. ದಾಖಲೆಯಲ್ಲಿ ಆಮೇಲೆ ನೋಡಿದ್ದು ಅದೇ ಕಂಬದಲ್ಲಿ ಹೊರಬಂದು, ಬೇಗ ಮತ್ತೆ ಒಳಹೋಗಿ, ಇನ್ನೆಲ್ಲೋ ಸರಿಯಾಗಿ ಇಳಿದ ಕಾರ್ಡುಗಳು. ಇವರು ನಿಜವಾದ ಪ್ರಯಾಣಿಕರು. ಇವರಲ್ಲಿ ಅತಿ ಕಡಿಮೆ ಹೊತ್ತು ಎಷ್ಟು ಎಂಬುದೇ ಪ್ರಶ್ನೆ. ಉತ್ತರ ಮುನ್ನೂರ ಇಪ್ಪತ್ತೆಂಟು ಸೆಕೆಂಡು.

ಅದು ಯಾರೆಂದು ನೋಡದೆ ಅವಳಿಗೆ ಸಮಾಧಾನವಿರಲಿಲ್ಲ. ಗುರುವಾರ ಬೆಳಿಗ್ಗೆ ಮತ್ತೆ ಹೋಗಿ ನಿಂತಳು. ಅತ್ತಿಗೆ, ನಾದಿನಿ ಬಂದು ಹೋದರು. ಏಳು ಗಂಟೆ ಎಂಟು ನಿಮಿಷಕ್ಕೆ ಪುಟ್ಟ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪನೊಬ್ಬ ಇಳಿದ, ಕಂಬ ಮುಟ್ಟಿದ, ಎದುರು ರಸ್ತೆಯ ಶಿಶುವಿಹಾರಕ್ಕೆ ಓಡಿದ. ಬಾಗಿಲಲ್ಲಿ ಮಗಳು ಅವನ ಕಿವಿ ಹಿಡಿದುಕೊಂಡು ಬಿಡಲೊಲ್ಲಳು. ಬಿಡಿಸಿಕೊಂಡು ಓಡಿ ಬಂದು, ಕಂಬ ಮುಟ್ಟಿ, ಮೆಟ್ಟಿಲನ್ನು ಎರಡೆರಡಾಗಿ ಹಾರಿ ಮುಂದಿನ ರೈಲು ಹಿಡಿದ. ಮುನ್ನೂರ ನಲವತ್ತು ಸೆಕೆಂಡು. ಮಗಳು ಕಿವಿ ಹಿಡಿಯದ ದಿನ ಮುನ್ನೂರ ಇಪ್ಪತ್ತೆಂಟು ಆಗಿರಬೇಕು ಎಂದು ಚೀಟಿಪುಸ್ತಕದಲ್ಲಿ ಬರೆದುಕೊಂಡಳು. ಬರೆದು, ಅದರ ಕೆಳಗೆ ‘ಊಹೆ’ ಎಂದೂ ಬರೆದಳು.

ಶುಕ್ರವಾರ ಹನ್ನೊಂದು ಗಂಟೆಗೆ ಸಭೆ. ಮೇಜಿನ ಒಂದು ತುದಿಯಲ್ಲಿ ಸಾಹೇಬರು, ಅವರ ಮುಂದೆ ಸಹಿಗೆ ಕಾದ ಪತ್ರ. ಪಕ್ಕದಲ್ಲಿ ಕಂಬಗಳ ಒಳಗಿನ ಸೂಚನೆಗಳನ್ನು ಬರೆಯುವ ಎಂಜಿನಿಯರ್. ಸೆಕೆಂಡಕ್ಕ ಕುಳಿತುಕೊಳ್ಳಲಿಲ್ಲ.

“ಈ ಕಾರ್ಡಿಗೆ ಗುರುತು ಹಾಕಿದ್ದು ನಾನು ಸಾರ್. ತಪ್ಪು ನಂದು. ತೆಗೀತಾ ಇದ್ದೀನಿ,” ಎಂದಳು. ಆಮೇಲೆ ಎರಡು ಕಾರ್ಡುಗಳ ಹೊತ್ತುಗಳನ್ನು ಪಕ್ಕಪಕ್ಕದಲ್ಲಿ ಬರೆದ ಹಾಳೆಯನ್ನು ಅವರ ಮುಂದಿಟ್ಟಳು.

ಸಾಹೇಬರು ಬೆರಳಿಟ್ಟು ಒಂದೊಂದೇ ಸಾಲು ನೋಡಿದರು. ಕೆಟ್ಟ ಮನುಷ್ಯರೇನಲ್ಲ, ಪಟ್ಟಿ ಉದ್ದವಾದಾಗ ಜನ ಚಿಕ್ಕದಾಗಿ ಕಾಣುತ್ತಿದ್ದರು, ಅಷ್ಟೇ. “ಎರಡನೇ ಸಲ ಯಾಕೆ ಮುಟ್ತಾಳೆ?”

“ಹಿಂದೆ ಬರೋರಿಗೆ ಕಂಬ ಎಲ್ಲಿದೆ ಅಂತ ಕೇಳಿಸೋಕೆ.”

“ಹಾಗಾದ್ರೆ ಆ ಹಿಂದೆ ಬರೋರಿಗೆ ವಿಶೇಷ ಕಾರ್ಡು ಕೊಡೋಣ. ಅರ್ಜಿ ಹಾಕ್ಲಿ.”

“ಅವರು ಹಾಕಲ್ಲ ಸಾರ್.”

“ಯಾಕೆ?”

“ಅವರಿಗೆ ಸಹಾಯ ಬೇಕಾಗಿಲ್ಲ.”

ಸಾಹೇಬರು ಹುಬ್ಬೇರಿಸಿದರು. ಅದಕ್ಕಿಂತ ಹೆಚ್ಚು ಅವಳು ಹೇಳಲಿಲ್ಲ. ಅತ್ತಿಗೆಯ ಕಣ್ಣಿನ ವಿಷಯ ಆ ಕೋಣೆಯಲ್ಲಿ ಬಾಯಿಗೆ ಬರಲೇ ಇಲ್ಲ.

“ಒಬ್ಬರಿಗೋಸ್ಕರ ಎಲ್ಲ ಕಂಬಾನೂ ತಿದ್ದೋಕಾಗತ್ತೇನ್ರೀ?” ಎಂದು ಎಂಜಿನಿಯರ್ ಮೂಗು ಮುರಿದ.

“ಒಬ್ಬರಲ್ಲ. ಎರಡು ನಿಮಿಷ ದಾಟಿದ ಮೇಲೆ ಮತ್ತೆ ಮುಟ್ಟಿ, ಯಾವ ರೈಲೂ ಹತ್ತದೆ ಹೋದೋರು ಈ ಒಂದು ಕಂಬದಲ್ಲೇ ಮೂರು ತಿಂಗಳಲ್ಲಿ ಬೇರೆ ನೂರ ಹನ್ನೆರಡು ಜನ. ಮೊದಲನೇದು ಮುಟ್ತೋ ಇಲ್ವೋ ಅಂತ ಅನುಮಾನ ಬಂದು ರಸ್ತೆಯಿಂದ ವಾಪಸ್ ಬರೋರು. ಅಲ್ಲಿ ನಿಂತ ಎರಡು ದಿನದಲ್ಲೇ ನಾಲ್ಕು ಜನರನ್ನ ನಾನೇ ನೋಡ್ದೆ. ಭಯಕ್ಕೆ ಮುಟ್ತಾರೆ, ಮುಟ್ಟಿದ್ದಕ್ಕೇ ದಂಡ ಬೀಳತ್ತೆ.”

ಸಾಹೇಬರು ಪತ್ರವನ್ನು ಎತ್ತಿ, ಓದಿ, ಉದ್ದಕ್ಕೆ ಹರಿದು ಬುಟ್ಟಿಗೆ ಹಾಕಿದರು. “ತಿದ್ದೋಣ. ಮುನ್ನೂರು ಸೆಕೆಂಡು ಮಾಡಿ. ಐದು ನಿಮಿಷ. ನೆನಪಿಟ್ಕೊಳ್ಳೋಕೂ ಸುಲಭ.”

ಮುಂದಿನ ಸೋಮವಾರದಿಂದ ಗೇಟಿಲ್ಲದ ನಿಲ್ದಾಣಗಳ ಕಂಬಗಳಲ್ಲಿ ಹೊಸ ತಾಳ್ಮೆ ಜಾರಿಗೆ ಬಂತು. ನಾದಿನಿಯ ಕಾರ್ಡು ಪಟ್ಟಿಯಲ್ಲಿ ಮತ್ತೆಂದೂ ಕಾಣಿಸಲಿಲ್ಲ. ಅವಳು ದಿನವೂ ಕಾರ್ಡು ಕಳೆದುಕೊಳ್ಳುತ್ತಾಳೆ, ಅತ್ತಿಗೆ ದಿನವೂ ಬೈಯುತ್ತಾರೆ. ಕಂಬಗಳ ಸೂಚನೆಗಳನ್ನು ಆಮೇಲೆ ಓದಿದ ಹೊಸ ಎಂಜಿನಿಯರುಗಳು ಮಾತ್ರ ಒಂದು ಅಂಕಿಯ ಮುಂದೆ ತಡೆದು ನಿಲ್ಲುತ್ತಾರೆ. ಯಾರೋ ಬರೆಯುವಾಗ ಕೈತಪ್ಪಿರಬೇಕು ಎಂದುಕೊಳ್ಳುತ್ತಾರೆ. ಏಕೆಂದರೆ ಅಲ್ಲಿರುವುದು ಸಾಹೇಬರು ಹೇಳಿದ ಮುನ್ನೂರಲ್ಲ. ಅವರು ಮುನ್ನೂರು ಎಂದಾಗ ಸೆಕೆಂಡಕ್ಕ ಚೀಟಿಪುಸ್ತಕ ತೆರೆದಿದ್ದಳು.

“ಬೇಡ ಸಾರ್. ನಿಧಾನಕ್ಕೆ ಇಳಿಯೋರದ್ದು ಹೆಚ್ಚೆಂದ್ರೆ ಇನ್ನೂರ ನಲವತ್ತಾರು. ಮಗು ಬಿಟ್ಟು ಓಡಿ ಬರೋರದ್ದು ಕಡಿಮೆ ಅಂದ್ರೆ ಮುನ್ನೂರ ಇಪ್ಪತ್ತೆಂಟು. ಮುನ್ನೂರು ಇಟ್ರೆ ಇವರಿಗೆ ಐವತ್ತನಾಲ್ಕು ಸೆಕೆಂಡು ಸಡಿಲ ಸಿಗತ್ತೆ, ಅವರಿಗೆ ಇಪ್ಪತ್ತೆಂಟೇ. ಇವರು ಇನ್ನೂ ನಿಧಾನ ಆಗಬಹುದು, ಅವರು ಇನ್ನೂ ಜೋರಾಗಿ ಓಡಬಹುದು. ಇಬ್ಬರಿಗೂ ಸಮ ಇರಲಿ.”

“ಸಮ ಅಂದ್ರೆ ಎಷ್ಟಮ್ಮ?” ಎಂದು ಕೇಳಿದ್ದರು ಸಾಹೇಬರು, ಪೆನ್ನಿನ ಮುಚ್ಚಳ ತೆಗೆಯುತ್ತ.

“ಇನ್ನೂರ ಎಂಬತ್ತೇಳು.”